ತಪ್ಪು ಹಾಡಲಾರದ ದನಿ

"ಖಾಲಿ ಡ್ರಾಯರಿನಲ್ಲಿ ಎಷ್ಟು ಹೊತ್ತು ಕೈ ಆಡಿಸ್ತೀರಿ? ಸಿಗೋದು ಗಾಳಿ ಅಷ್ಟೆ," ಎಂದ ಉಪಸಂಪಾದಕ.

ಕೆಂಡ ಕೈ ತೆಗೆಯಲಿಲ್ಲ. ಡ್ರಾಯರಿನ ತಳಕ್ಕೆ ಹಾಸಿದ್ದ ಹಸಿರು ಬಟ್ಟೆಯ ಮೇಲೆ ಕ್ಯಾಸೆಟ್ಟುಗಳು ವರ್ಷಗಟ್ಟಲೆ ಒತ್ತಿ ಮಾಡಿದ ಚೌಕ ಗುರುತುಗಳಿದ್ದವು. ಅವನ ಬೆರಳು ಆ ಅಂಚುಗಳ ಮೇಲೆ ನಿಧಾನವಾಗಿ ಹೋಯಿತು. ಅವಸರದಲ್ಲಿ ಕದ್ದವನು ಬಟ್ಟೆಯನ್ನು ಸುಕ್ಕು ಮಾಡುತ್ತಾನೆ. ಇಲ್ಲಿ ಒಂದು ಸುಕ್ಕೂ ಇಲ್ಲ. ತೆಗೆದವರು ಒಂದೊಂದನ್ನೇ, ಗೂಡಿನಿಂದ ಮರಿ ಎತ್ತಿದ ಹಾಗೆ ಎತ್ತಿದ್ದರು.

"ಗಾಳಿನೂ ಕೆಲವು ಸಲ ಮಾತಾಡುತ್ತೆ ಸಾರ್."

"ಓಹೋ. ತಾವು ಎಷ್ಟನೇ ಕ್ಲಾಸು?"

"ಏಳು. ಎಂಟಕ್ಕೆ ನಾನು ತಯಾರಿದ್ದೆ. ಎಂಟು ನನಗೆ ತಯಾರಿರ್ಲಿಲ್ಲ."

ಬಾಗಿಲ ಬಳಿ ನಿಂತಿದ್ದ ಬಸ್ ಡ್ರೈವರಿಗೆ ನಗು ಬಂದು ಗಂಟಲಲ್ಲೇ ಸತ್ತಿತು. ಖಾಕಿ ಅಂಗಿಯ ಗುಂಡಿಯನ್ನು ಒಂದೇ ಸಮನೆ ತಿರುಗಿಸುತ್ತಿದ್ದ ಆತ ಸಂಪಾದಕಿಯ ತಮ್ಮ. ನಿನ್ನೆ ಬೆಳಿಗ್ಗೆ, ಸಂಗೀತ ಶಿಕ್ಷಣದ ಈ ದೊಡ್ಡ ಪತ್ರಿಕೆಯ ಸಭೆಯ ನಡುವೆ ಅವನ ಅಕ್ಕ ಎದ್ದು ನಿಂತು, "ಇನ್ನು ಈ ಕುರ್ಚಿ ನನ್ನದಲ್ಲ" ಎಂದಷ್ಟೇ ಹೇಳಿ, ಹೆಗಲಿಗೆ ಚೀಲ ಹಾಕಿಕೊಂಡು ಹೊರಟವರು ಮನೆಗೂ ಬಂದಿರಲಿಲ್ಲ. ಅವರ ಜೊತೆ ಈ ಡ್ರಾಯರಿನ ಕ್ಯಾಸೆಟ್ಟುಗಳೂ ಹೋಗಿದ್ದವು.

ಇವತ್ತು ಮಧ್ಯಾಹ್ನ ಸಮಿತಿ ಸೇರುತ್ತದೆ. ಕಳ್ಳತನದ ದೂರಿಗೆ ನಿರ್ದೇಶಕಿಯ ಸಹಿಯೊಂದೇ ಬಾಕಿ. ಸಹಿ ಬಿದ್ದರೆ, ಮೂವತ್ತು ವರ್ಷ ಮಕ್ಕಳ ಹಾಡು ಕೇಳಿ ಗಳಿಸಿದ ಹೆಸರಿನ ಹಿಂದೆ 'ಕಳ್ಳಿ' ಎಂಬ ಬಾಲ ಅಂಟುತ್ತದೆ. ಅದನ್ನು ತಪ್ಪಿಸಲೆಂದೇ ಡ್ರೈವರ್ ನಿನ್ನೆ ಸಂಜೆ ಟೈರು ಅಂಗಡಿಯ ಮೇಲಿನ ಕೋಣೆಗೆ ಹತ್ತಿ ಬಂದಿದ್ದ. ಅಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡಿದ್ದ ಯುವಕನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಮುಟ್ಟಿದರೆ ಸುಡುತ್ತಾನೆ ಎಂದು ಬೀದಿ ಇಟ್ಟ ಹೆಸರು ಕೆಂಡ.

"ಸಾರ್, ಆ ಕ್ಯಾಸೆಟ್ಟಲ್ಲಿ ಅಂಥದ್ದೇನಿತ್ತು?"

ಉಪಸಂಪಾದಕ ಕನ್ನಡಕ ಒರೆಸಿದ. ಅವನ ಉಗುರುಗಳು ಅವನ ಮಾತಿನಷ್ಟೇ ಶುಭ್ರವಾಗಿದ್ದವು. "ನನ್ನ ಅಧ್ಯಯನ. ಸಂಗೀತದ ಗಂಧವೇ ಇಲ್ಲದ ಬಡ ಮಕ್ಕಳು. ನನ್ನ ಪದ್ಧತಿಯಲ್ಲಿ ಒಂದು ವರ್ಷ ಪಾಠ. ಪಾಠಕ್ಕೆ ಮೊದಲು ಹಾಡಿದ್ದು ಕ್ಯಾಸೆಟ್ಟಿನ ಒಂದು ಕಡೆ, ವರ್ಷ ಆದ ಮೇಲೆ ಹಾಡಿದ್ದು ಇನ್ನೊಂದು ಕಡೆ. ಹಿಂದೆ, ನಿಮ್ಮ ಸಂಪಾದಕಿ ಇಲ್ಲಿಗೆ ಬರೋಕೆ ಮುಂಚೆ, ಇದೇ ಪತ್ರಿಕೆಯಲ್ಲಿ ಬಂದಿತ್ತು. ಈಗ ವಿಶೇಷ ಸಂಚಿಕೆಯಲ್ಲಿ ಮತ್ತೆ ಅಚ್ಚಾಗ್ತಿದೆ. ಎಲ್ಲ ಶಾಲೆಗಳೂ ಅದನ್ನೇ ಅನುಸರಿಸ್ತವೆ."

"ಯಾವ ಶಾಲೆ ಮಕ್ಕಳು?"

"ಅದನ್ನ ಹೇಳೋ ಹಾಗಿಲ್ಲ. ಇಲ್ಲಿಯ ಪದ್ಧತಿ. ಶಾಲೆಯ ಹೆಸರು, ಟೀಚರ್ ಹೆಸರು, ಊರು, ಎಲ್ಲಾ ಅಳಿಸಿಯೇ ಒಳಗೆ ತಗೊಳ್ಳೋದು. ಅಳೆಯೋರಿಗೆ ಮುಲಾಜು ಬರಬಾರದಲ್ಲ. ಸಂಪಾದಕಿಗೂ ಗೊತ್ತಿರಲ್ಲ."

"ಬಡ ಮಕ್ಕಳು ಅನ್ನೋದನ್ನ ಮಾತ್ರ ಅಳಿಸಲ್ಲ."

ಉಪಸಂಪಾದಕ ಗಡಿಯಾರ ನೋಡಿದ.

ಕೆಂಡನ ಎದೆಯಲ್ಲಿ ಹಳೆಯ ಉರಿ ಎದ್ದಿತು. ಅವನಿಗೂ ಶಾಲೆಯಲ್ಲಿ ಒಬ್ಬ ಹಾಡಿನ ಮೇಷ್ಟ್ರಿದ್ದರು. ಸಾಲಿನ ಕೊನೆಗೆ ನಿಲ್ಲಿಸಿ, "ನೀನು ಬಾಯಿ ಆಡಿಸಿದರೆ ಸಾಕು, ದನಿ ಬೇಡ" ಎಂದಿದ್ದರು. ಅಂದಿನಿಂದ ಯಾರಾದರೂ ರಾಗ ಎಳೆದರೆ ಇವನು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ. ಅಂಥವನ ಕೊರಳಿಗೆ ಈ ಕೇಸು ಬಿದ್ದಿತ್ತು. ಗೂಬೆಗೆ ಹಗಲಿನ ಕಾವಲು ಕೊಟ್ಟ ಹಾಗೆ.

"ಅವರು ಎಲ್ಲಿ ಕೂತು ಕೇಳ್ತಿದ್ರು?"

"ಕೇಳೋದಾ? ಆ ಗೂಡಲ್ಲಿ." ಉಪಸಂಪಾದಕ ಒಳಬಾಗಿಲ ಕಡೆ ಗದ್ದ ತೋರಿಸಿದ. "ಅಲ್ಲಿ ಏನಿಲ್ಲ. ಅವರ ಮೇಜು, ಕಪಾಟು, ಕಂಪ್ಯೂಟರು, ಕಸದ ಬುಟ್ಟಿ, ಎಲ್ಲಾ ನಿನ್ನೆಯೇ ಜಾಲಾಡಿದ್ದೀವಿ. ಒಂದು ಚೀಟಿನೂ ಇಲ್ಲ."

*

ಅದು ಗೂಡೇ. ಗೋಡೆಗೆಲ್ಲ ದಪ್ಪ ಕಂಬಳಿ ಬಟ್ಟೆ, ಕಿಟಕಿ ಇಲ್ಲ, ಒಂದು ಕುರ್ಚಿ, ಒಂದು ಹಳೇ ಟೇಪ್ ಮಿಷನ್ನು. ಬಾಗಿಲು ಮುಚ್ಚಿದ ಕೂಡಲೇ ಹೊರಗಿನ ಲೋಕವನ್ನು ಯಾರೋ ಕತ್ತರಿಸಿ ತೆಗೆದಂತಾಯಿತು. ಕೆಂಡನಿಗೆ ತನ್ನ ರಕ್ತ ಹರಿಯುವುದು ತನಗೇ ಕೇಳಿಸಿತು.

ಕುರ್ಚಿಯ ಬಲಗೈ ನುಣ್ಣಗೆ ಸವೆದಿತ್ತು. ಎಡಗೈ ಹೊಸದರ ಹಾಗಿತ್ತು.

"ಅಕ್ಕ ಬಲಗೈಲಿ ತಾಳ ಹಾಕ್ತಾಳೆ," ಎಂದ ಡ್ರೈವರ್ ಮೆಲ್ಲನೆ. "ಊಟ ಮಾಡ್ತಾ ಇದ್ರೂ. ನಾನು ಬಯ್ದ್ರೆ, 'ನಿನ್ನ ಬಸ್ಸಿನ ಎಂಜಿನ್ನು ತಾಳ ತಪ್ಪಿದ್ರೆ ನಿನಗೆ ಗೊತ್ತಾಗುತ್ತೆ, ನನ್ನ ಊಟ ತಾಳ ತಪ್ಪಿದ್ರೆ ನನಗೆ ಗೊತ್ತಾಗಲ್ವೇನೋ' ಅಂತಾಳೆ. ಒಂದು ದಿನ ನನ್ನ ಬಸ್ಸು ಹತ್ತಿದ್ಲು. ಎರಡು ಸ್ಟಾಪು ಆಗಿಲ್ಲ, ಹಿಂದಿನ ಸೀಟಿಂದ ಕೂಗಿದ್ಲು: ಲೋ, ನಿಲ್ಸೋ, ಹಿಂದಿನ ಎಡಗಡೆ ಚಕ್ರ ಅಳ್ತಿದೆ. ಇಳಿದು ನೋಡಿದ್ರೆ ನಟ್ಟುಗಳು ಸಡಿಲ. ಬಸ್ಸಿನ ತುಂಬ ಜನ ಇದ್ರು."

"ಅದೇನೂ ದೊಡ್ಡದಲ್ಲ," ಎಂದಿತು ಹಿಂದಿನಿಂದ ಒಂದು ದನಿ.

ಕೋಲೂರಿಕೊಂಡು ನಿರ್ದೇಶಕಿ ಬಂದಿದ್ದರು. ಇಡೀ ಕಟ್ಟಡ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿತ್ತು. ಎರಡೂ ಕಿವಿಯಲ್ಲಿ ಯಂತ್ರ. ಮಾತಾಡುವವರ ತುಟಿಯನ್ನೇ ನೋಡುವ ಕಣ್ಣು.

"ನನ್ನ ಕಿವಿ ಹೋಗಿ ಬಹಳ ಕಾಲ ಆಯ್ತು. ಸಣ್ಣ ದನಿ ಒಂದೂ ಕೇಳಲ್ಲ. ಮಕ್ಕಳ ಸಂಗೀತದ ಮನೆಗೆ ಕಿವುಡಿ ಯಜಮಾನಿ, ನಗಬೇಡಿ. ಅವಳ ಕಿವಿ ಇತ್ತು ಅಂತ ನಾನು ಈ ಕುರ್ಚಿಲಿ ಉಳಿದೆ." ಅವರು ಕುರ್ಚಿಯ ಬೆನ್ನು ಸವರಿದರು. "ಉಳಿದೋರೆಲ್ಲ ಲೇಖನ ಓದ್ತಾರೆ. ಅವಳು ಲೇಖನ ಮುಟ್ಟೋಕೆ ಮುಂಚೆ ಕ್ಯಾಸೆಟ್ ಕೇಳೋಳು. ಮೂರು ಸಲ. ಮೊದಲ ಸಲ ಮಕ್ಕಳನ್ನ. ಎರಡನೇ ಸಲ ಟೀಚರನ್ನ. ಮೂರನೇ ಸಲ..."

"ಮೂರನೇ ಸಲ?"

"ಕೋಣೆಯನ್ನ."

ಕೆಂಡ ಸುತ್ತಲ ಗೋಡೆಗಳತ್ತ ಕಣ್ಣಾಡಿಸಿದ.

"ಗೋಡೆ, ಬಾಗಿಲು, ಬೆಂಚು, ಹೊರಗಿನ ಬೀದಿ. ಹಾಡೋರು ಸುಳ್ಳು ಹೇಳಬಹುದು, ಕೋಣೆಗೆ ಸುಳ್ಳು ಬರಲ್ಲ ಅನ್ನೋಳು. ಒಂದು ಸಲ ಒಂದು ಹಾಡು ಕೇಳಿ ಬಂದು, ಈ ಕ್ಲಾಸಿನ ಎಡಗಡೆ ಕಿಟಕಿಗೆ ಗಾಜಿಲ್ಲ, ಮುಂದಿನ ಸಾಲಿನ ಮಗುಗೆ ಎದೆಯಲ್ಲಿ ಕಫ ಇದೆ, ಲೇಖನ ಆಮೇಲೆ, ಮೊದಲು ಗಾಜು ಹಾಕಿಸಿ ಅಂದ್ಲು. ನಾನು ಬಯ್ದೆ. ಹಟ ಹಿಡಿದ್ಲು. ಹೆಸರು ಅಳಿಸೋ ಮುಂಚಿನ ಮೂಲ ಹಾಳೆ ತೆಗೆಸಿ ಜನ ಕಳಿಸಿದೆ. ಕಿಟಕಿಗೆ ಗಾಜಿರ್ಲಿಲ್ಲ. ಮಗು ಆಸ್ಪತ್ರೆ ಸೇರಿತ್ತು." ದೊಡ್ಡಮ್ಮ ಕೋಲನ್ನು ನೆಲಕ್ಕೆ ಒತ್ತಿ ಊರಿದರು. "ಅಂಥೋಳ ಮೇಲೆ ಕಳ್ಳತನದ ದೂರಿಗೆ ನಾನು ಸಹಿ ಹಾಕಬೇಕು. ಹಾಕದಿದ್ರೆ ಸಮಿತಿ ನನ್ನನ್ನೇ ಕಳಿಸುತ್ತೆ. ನನಗೆ ಒಂದು ಕಾರಣ ಕೊಡಪ್ಪ. ಹಿಡಿದುಕೊಂಡು ನಿಲ್ಲೋಕೆ ಒಂದು ಕಡ್ಡಿ."

ಅವರು ಹೋಗಿ ತಮ್ಮ ಕೋಣೆ ಸೇರಿದರು. ಕೋಲಿನ ಸದ್ದು ಕಂಬಳಿಯ ಗೋಡೆಯಲ್ಲಿ ಇಂಗಿತು.

ಕೆಂಡ ಟೇಪ್ ಮಿಷನ್ನಿನ ಮೇಲೆ ಬಗ್ಗಿದ. ಗುಂಡಿಗಳ ಮೇಲಿನ ಬಣ್ಣ ಬೆರಳು ತಾಗಿ ತಾಗಿ ಹೋಗಿತ್ತು. ಸಣ್ಣ ಗಾಜಿನ ಹಿಂದೆ ಏನೋ ಕಪ್ಪಗೆ ಕಂಡಿತು.

ಅವನಿಗೆ ಮೊದಲು ನಂಬಿಕೆಯಾಗಲಿಲ್ಲ. ಆಮೇಲೆ ನಗು ಬಂತು. ಆಮೇಲೆ ಸಿಟ್ಟು.

"ಅಣ್ಣಾ, ನೋಡಿಲ್ಲಿ. ಇಷ್ಟೊಂದು ಓದಿದ ಜನ. ಕಪಾಟು ಬಗೆದ್ರು, ಕಂಪ್ಯೂಟರ್ ಬಗೆದ್ರು, ಕಸದ ಬುಟ್ಟಿನೂ ಬಿಡ್ಲಿಲ್ಲ. ಸಂಗೀತದ ಆಫೀಸಲ್ಲಿ ಒಬ್ಬನಿಗೂ ಟೇಪು ಹಾಕಿ ನೋಡೋಣ ಅನ್ನಿಸ್ಲಿಲ್ಲ!"

ಕ್ಯಾಸೆಟ್ಟು ಒಳಗೇ ಇತ್ತು. ಹಾಡಿನ ಮಧ್ಯೆ ಎಲ್ಲೋ ನಿಲ್ಲಿಸಿದ್ದರು. ಮೇಲಿನ ಚೀಟಿಯಲ್ಲಿ 'ಮೊದಲು' ಎಂಬ ಒಂದೇ ಪದ.

ಕೆಂಡ ಗುಂಡಿ ಒತ್ತಿದ.

*

ಮಕ್ಕಳ ಗುಂಪು ಹಾಡುತ್ತಿತ್ತು. ಹಾಡು ಎನ್ನಬಾರದು, ಸಂತೆ. ಒಂದೊಂದು ದನಿ ಒಂದೊಂದು ದಿಕ್ಕಿಗೆ. ಸಂಗೀತದ ಗಂಧವಿಲ್ಲದ ಕೆಂಡನಿಗೂ ಹಲ್ಲು ಜುಂ ಎಂದವು. ಅದರ ನಡುವೆ ಒಂದು ಮಗು ಹಿಕ್ ಎಂದು ಬಿಕ್ಕಳಿಸಿತು. ಪಕ್ಕದವರು ಕಿಸಕ್ಕನೆ ನಕ್ಕರು. ಮತ್ತೆ ಹಿಕ್.

ಆ ಕಡೆ ಮುಗಿಯಿತು. ಕ್ಯಾಸೆಟ್ಟು ತೆಗೆದು ಮಗುಚಿ ಹಾಕಿದ. 'ನಂತರ.'

ಅದೇ ಹಾಡು. ಆದರೆ ಈ ಸಲ ಅಷ್ಟೂ ದನಿಗಳು ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡು ಮೇಲೇರಿದವು. ಕೆಂಡನ ಕೈಯ ರೋಮಗಳು ಎದ್ದು ನಿಂತವು. ರಸ್ತೆ ದಾಟಿ ಹೋಗಬೇಕು ಎನ್ನಿಸಲಿಲ್ಲ. ಇದ್ದಲ್ಲೇ ಕಾಲು ಬೇರು ಬಿಟ್ಟವು. ಒಂದು ಕ್ಷಣ ಅವನು, ಛೇ, ಆ ಉಪಸಂಪಾದಕ ನಿಜಕ್ಕೂ ದೊಡ್ಡ ಮನುಷ್ಯನೇ ಇರಬೇಕು ಎಂದುಕೊಂಡ.

ಹಿಕ್.

ಕಿಸಕ್.

ಡ್ರೈವರ್ ತಲೆ ಎತ್ತಿದ. ಕೆಂಡನೂ ಎತ್ತಿದ. ಇಬ್ಬರ ಕಣ್ಣೂ ಕೂಡಿದವು.

"ಒಂದು ವರ್ಷ..." ಎಂದ ಡ್ರೈವರ್.

"ಒಂದು ವರ್ಷ ಬಿಕ್ಕಳಿಸೋ ಮಗು ಯಾವ ಲೋಕದಲ್ಲಿದೆ ಅಣ್ಣಾ?"

ಒಂದೇ ದಿನ. ಒಂದೇ ಹೊತ್ತು. ಚೆನ್ನಾಗಿ ಹಾಡಬಲ್ಲ ಮಕ್ಕಳನ್ನು ನಿಲ್ಲಿಸಿ, ಕೆಟ್ಟದಾಗಿ ಹಾಡಿ ಎಂದು ಹೇಳಿ, ಅದಕ್ಕೆ 'ಮೊದಲು' ಎಂದು ಚೀಟಿ ಅಂಟಿಸಿದ್ದರು.

ಕೆಂಡ ಅಲ್ಲೇ ನಿಲ್ಲಿಸಿ, ಮಗುಚಿ, ಮತ್ತೆ ಮೊದಲಿನ ಕಡೆ ಹಾಕಿದ. ಈ ಸಲ ಕಣ್ಣು ಮುಚ್ಚಿದ. ಸಂಪಾದಕಿ ಕೂತಿದ್ದ ಕುರ್ಚಿಯಲ್ಲೇ ಕೂತ. ಯಾಕೆಂದು ಅವನಿಗೇ ಗೊತ್ತಿಲ್ಲ, ಬಲಗೈ ಆ ಸವೆದ ಜಾಗದ ಮೇಲೆ ಹೋಗಿ ಕೂತಿತು.

ಆಗ ಕೇಳಿಸಿತು.

ಗದ್ದಲದ ತಳದಲ್ಲಿ, ಎಲ್ಲೋ ಹಿಂದಿನ ಸಾಲಿನಲ್ಲಿ, ಒಂದು ದನಿ. ಕೂದಲೆಳೆಯಷ್ಟು ತೆಳು. ಉಳಿದವರೆಲ್ಲ ಹೇಳಿದಂತೆ ತಪ್ಪು ಹಾಡುತ್ತಿದ್ದಾಗ ಅದೊಂದು ಮಾತ್ರ ಸರಿಯಾಗಿ ಹೋಗುತ್ತಿತ್ತು. ತಪ್ಪಲು ಅದೂ ಪ್ರಯತ್ನಪಡುತ್ತಿತ್ತು. ಒಂದು ಸಲ ಬೇಕೆಂದೇ ಜಾರಿತು, ಜಾರಿದಷ್ಟೇ ವೇಗದಲ್ಲಿ ತಾನಾಗಿ ಜಾಗಕ್ಕೆ ಮರಳಿತು, ಕೈ ಬಿಟ್ಟ ಜೋಕಾಲಿ ನಡುವಿಗೆ ಮರಳಿದ ಹಾಗೆ. ಮತ್ತೆ ಜಾರಿತು. ಮತ್ತೆ ಬಂತು. ಕೊನೆಗೆ ಸೋತು, ಸಣ್ಣಗೆ, ಯಾರಿಗೂ ಕೇಳಬಾರದೆಂದು ಹೆದರಿಕೊಂಡೇ ಸರಿಯಾಗಿ ಹಾಡಿತು.

ಆ ಮಗುವಿಗೆ ತಪ್ಪು ಹಾಡಲು ಬರುತ್ತಿರಲಿಲ್ಲ. ಬರುವುದು ಸಾಧ್ಯವೇ ಇರಲಿಲ್ಲ.

ಕೆಂಡನ ಎದೆಯೊಳಗಿನ ಉರಿಗೆ ಏನಾಯಿತೋ, ಅದು ಅಲುಗಾಡದೆ ನಿಂತಿತು, ಗಾಳಿಯಿಲ್ಲದ ಕೋಣೆಯಲ್ಲಿ ದೀಪ ನಿಂತ ಹಾಗೆ. ಇಡೀ ಕ್ಲಾಸು, ಮೇಜಿನ ಹಿಂದಿನ ದೊಡ್ಡವರು, ಕೊಟ್ಟ ಅಪ್ಪಣೆ, ಎಲ್ಲ ಒಂದು ಕಡೆ. ಅಷ್ಟು ಭಾರದ ಎದುರು ಒಂದು ಕೂಸಿನ ಗಂಟಲು. ಬಗ್ಗಲಿಲ್ಲ. ಹಟದಿಂದಲ್ಲ. ಅದಕ್ಕೆ ಬಗ್ಗುವ ಕೀಲೇ ಇರಲಿಲ್ಲ. ಇಂಥದ್ದು ಲೋಕದಲ್ಲಿ ಇದೆಯೇ? ಇದು ಇಷ್ಟು ದಿನ ಒಂದು ಡ್ರಾಯರಿನಲ್ಲಿ, ಹಸಿರು ಬಟ್ಟೆಯ ಮೇಲೆ ಮಲಗಿತ್ತೇ?

"ಕೇಳಿಸ್ತಾ ಅಣ್ಣಾ?"

ಡ್ರೈವರ್ ಕಣ್ಣು ಒರೆಸಿಕೊಂಡ. "ಅಕ್ಕ ಇದನ್ನ ಕೇಳಿ ಸುಮ್ನೆ ಕೂರೋಳಲ್ಲ. ಆ ಮಗು ಈಗ ಎಷ್ಟು ದೊಡ್ಡದಾಗಿದ್ರೂ ಹುಡುಕ್ಕೊಂಡೇ ಹೋಗಿರ್ತಾಳೆ."

*

"ಸಾರ್, ಒಂದು ಅನುಮಾನ," ಎಂದ ಕೆಂಡ. ಉಪಸಂಪಾದಕ ಸಭೆಯ ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ದೊಡ್ಡಮ್ಮ ಮೇಜಿನ ತುದಿಯಲ್ಲಿ ಕೂತಿದ್ದರು. ಅವರ ಮುಂದೆ ದೂರಿನ ಹಾಳೆ, ಅದರ ಮೇಲೆ ಮುಚ್ಚಳ ತೆಗೆದ ಪೆನ್ನು. "ಆ ಮಗುಗೆ ಯಾರಾದ್ರೂ ಒಂದು ಲೋಟ ನೀರು ಕೊಟ್ರಾ?"

"ಯಾವ ಮಗು?"

"ನಿಮ್ಮ ಅಧ್ಯಯನದ್ದು. ಪಾಠಕ್ಕೆ ಮೊದಲೂ ಬಿಕ್ಕಳಿಕೆ, ವರ್ಷ ಆದ್ಮೇಲೂ ಬಿಕ್ಕಳಿಕೆ. ಪಾಪ, ಮಧ್ಯೆ ಊಟ ನಿದ್ದೆ ಹೆಂಗೆ ಮಾಡ್ತೋ."

ಉಪಸಂಪಾದಕನ ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು.

"ಕ್ಯಾಸೆಟ್ಟು ಸಿಕ್ತಾ?"

"ಸಿಕ್ತಾ ಅಂತೀರಿ. ಕಳುವಾಗಿದ್ರೆ ತಾನೆ ಸಿಗೋದು? ಉಳಿದವು ಅವರ ಹತ್ರಾನೇ ಇರಬಹುದು, ಇದೊಂದನ್ನ ಮಾತ್ರ ಅವರು ಎಲ್ಲಿ ಕೂತು ಕೇಳ್ತಿದ್ರೋ ಅಲ್ಲೇ ಇಟ್ಟು ಹೋಗಿದ್ದಾರೆ. ನೀವು ಯಾರೂ ಕೇಳೋ ಜನ ಅಲ್ಲ ಅಂತ ಅವರಿಗೆ ಗೊತ್ತಿತ್ತು. ಎರಡೂ ಕಡೆ ಒಂದೇ ದಿನದ್ದು ಸಾರ್. ಮಕ್ಕಳಿಗೆ ತಪ್ಪಾಗಿ ಹಾಡಿ ಅಂತ ಹೇಳಿ ಹಾಡಿಸಿದ್ದೀರಿ. ಹಾಡೋಕೆ ಬರೋ ಮಕ್ಕಳನ್ನ ಬರದೋರು ಅಂತ ಊರಿಗೆಲ್ಲ ತೋರಿಸಿ ದೊಡ್ಡೋರಾಗಿದ್ದೀರಿ!" ಕೊನೆಕೊನೆಗೆ ಅವನ ದನಿ ಕಿಟಕಿ ಗಾಜನ್ನು ತಟ್ಟಿ ಬಂತು.

ಕೆಂಡ ಹೆಗಲು ಮುಟ್ಟಿ ನೋಡಿಕೊಳ್ಳುವ ಕಳ್ಳನನ್ನು ಕಾದಿದ್ದ. ಉಪಸಂಪಾದಕ ಹಾಗೆ ಮಾಡಲಿಲ್ಲ. ಮುಖ ಬಿಳುಪಾಯಿತು, ನಿಜ. ಆದರೆ ಅದು ಸಿಕ್ಕಿಬಿದ್ದವನ ಬಿಳುಪಲ್ಲ. ಕಾಲ ಕೆಳಗಿನ ಮೆಟ್ಟಿಲು ಇಲ್ಲ ಎಂದು ಆಗಷ್ಟೇ ಕಂಡವನ ಬಿಳುಪು.

"ಸುಳ್ಳು," ಎಂದ ಅವನು. ಶುಭ್ರವಾದ ಮಾತು ಮೊದಲ ಸಲ ತೊದಲಿತು. "ಆ ಕ್ಲಾಸಿಗೆ ನಾನು ಕಾಲಿಟ್ಟೇ ಇಲ್ಲ. ಪದ್ಧತಿ ಬರೆದು ಈ ಆಫೀಸಿನ ಮೂಲಕ ಯಾವುದೋ ಶಾಲೆಗೆ ಕಳಿಸಿದೆ. ಹಾಡಿಸಿದ್ದು, ರೆಕಾರ್ಡ್ ಮಾಡಿದ್ದು, ಚೀಟಿ ಅಂಟಿಸಿದ್ದು, ಎಲ್ಲಾ ಅಲ್ಲಿಯ ಟೀಚರು. ನನಗೆ ಬಂದಿದ್ದು ಬರೀ ಕ್ಯಾಸೆಟ್ಟು."

"ಕೇಳಿದ್ರಾ?"

"ಅಂಕಿಅಂಶ ನೋಡಿದೆ..."

"ಕೇಳಿದ್ರಾ ಸಾರ್?"

ಉಪಸಂಪಾದಕ ಕುರ್ಚಿಯನ್ನು ನೆಲಕ್ಕಿಟ್ಟ.

ದೊಡ್ಡಮ್ಮ ಇಬ್ಬರ ತುಟಿಗಳನ್ನೂ ಒಂದೂ ಬಿಡದೆ ಓದಿದ್ದರು. ಪೆನ್ನಿಗೆ ಮುಚ್ಚಳ ಹಾಕಿದರು. ಆ ಸಣ್ಣ ಟಕ್ ಸದ್ದಿಗೆ ಡ್ರೈವರಿನ ಮುಖ ಅರಳಿತು.

"ಇನ್ನೂ ಅರ್ಧ ಸತ್ಯ ಇದು," ಎಂದರು ಅವರು. "ಆ ಟೀಚರ್ ಯಾರು?"

"ಹೆಸರು ಅಳಿಸಿದ್ದೀವಿ ದೊಡ್ಡಮ್ಮ. ನಮ್ಮದೇ ಪದ್ಧತಿ. ಮೂಲ ಹಾಳೆಗಳನ್ನೂ ಆಗಲೇ ಸುಟ್ಟಿದ್ದೀವಿ."

"ಬಾಯಿ ಬಿಟ್ಟು ಹೇಳಿಕೊಟ್ಟಿದ್ರೆ ಶುರುವಲ್ಲಿ ದನಿ ಇರುತ್ತಲ್ಲ!" ಕೆಂಡ ಮೇಜು ಗುದ್ದಿದ. "ಕ್ಯಾಸೆಟ್ಟು ಮಧ್ಯದಿಂದ ಕೇಳಿದ್ದು ನಾವು. ಪೂರ್ತಿ ಹಿಂದಕ್ಕೆ ಸುತ್ತಿದ್ರೆ ಅಪ್ಪಣೆ ಕೊಟ್ಟೋರ ದನಿ ಸಿಕ್ಕೇ ಸಿಗುತ್ತೆ. ಸಮಿತಿಯೋರು ಎಲ್ಲಾ ಬರ್ಲಿ. ಎಲ್ಲರ ಎದುರೇ ಹಾಕ್ತೀನಿ. ಮಕ್ಕಳ ಗಂಟಲು ಹಿಸುಕಿದ್ದು ಯಾರು ಅಂತ ಈ ಗೋಡೆಗಳೂ ಕೇಳ್ಲಿ!"

"ಹಾಕು," ಎಂದರು ದೊಡ್ಡಮ್ಮ. "ಇಲ್ಲಿಗೇ ತಗೊಂಡು ಬಾ ಮಿಷನ್ನು. ಇಷ್ಟು ವರ್ಷದ ಮೇಲೆ ಈ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಕೇಳೋಣ. ನನಗೆ ಕೇಳದ್ದನ್ನ ನೀವು ಹೇಳಿ."

ಉಪಸಂಪಾದಕ ಸಮಿತಿಯವರನ್ನು ಕರೆಯಲು ಹೋದ. ಅವನ ನಡಿಗೆಯಲ್ಲಿ ಅವಸರವಿತ್ತು, ತಪ್ಪಿಸಿಕೊಳ್ಳುವ ಅವಸರವಲ್ಲ. ಅವನಿಗೂ ಆ ದನಿ ಬೇಕಾಗಿತ್ತು. ಅವನ ಮಾನವೂ ಈಗ ಅದರಲ್ಲೇ ಇತ್ತು.

ಕೆಂಡನೂ ಡ್ರೈವರೂ ಗೂಡಿನಿಂದ ಮಿಷನ್ನು ಹೊತ್ತು ತಂದು ಮೇಜಿನ ನಡುವೆ ಇಟ್ಟರು. ಡ್ರೈವರ್ ತಂತಿಯನ್ನು ಮದುವೆ ಮನೆಯ ಸಡಗರದಲ್ಲಿ ಬಿಚ್ಚಿದ. "ಅಕ್ಕ ಸಿಗಲಿ, ನಿನ್ನ ಹೆಗಲ ಮೇಲೆ ಕೂರಿಸ್ಕೊಂಡು ಮನೆಗೆ ಕರ್ಕೊಂಡು ಹೋಗ್ತೀನಿ ತಮ್ಮಾ."

"ನನ್ನ ಹೆಗಲಾ? ನಿನ್ನ ಹೆಗಲು ಏನು ಬಾಡಿಗೆಗೆ ಹೋಗಿದೆಯಾ?"

ಟೇಪು ಸರ್ರನೆ ಹಿಂದಕ್ಕೆ ಸುತ್ತಿ ಟಪ್ ಎಂದು ನಿಂತಿತು. ಸದ್ದು ಕಡಿಮೆ ಮಾಡಿ ಒಮ್ಮೆ ಪರೀಕ್ಷಿಸೋಣವೆಂದು ಕೆಂಡ ಗುಂಡಿ ಒತ್ತಿದ. ಇಬ್ಬರೂ ದೊಡ್ಡಮ್ಮನಿಗೆ ಬೆನ್ನು ಮಾಡಿ ತಲೆ ಬಗ್ಗಿಸಿದರು.

ಬೆಂಚು ಎಳೆದ ಸದ್ದು. ಒಂದು ಫ್ಯಾನು ಕುಂಟುತ್ತ ತಿರುಗುವ ಸದ್ದು. ಮಕ್ಕಳ ಗುಸುಗುಸು. ಆಮೇಲೆ ಒಂದು ಹೆಂಗಸಿನ ದನಿ. ಎಳೆಯದು, ಬೆಚ್ಚಗಿನದು, ನಗು ತುಂಬಿದ್ದು.

*ಕಂದಮ್ಮಗಳೇ, ಈಗ ಎಲ್ಲರೂ ಬೇಕು ಬೇಕಂತ್ಲೇ ತಪ್ಪಾಗಿ ಹಾಡಬೇಕು. ಯಾರು ಸರಿಯಾಗಿ ಹಾಡ್ತೀರೋ ಅವರು ಸೋತ ಹಾಗೆ. ಹ್ಞೂಂ, ಶುರು!*

ಡ್ರೈವರಿನ ಕೈ ಗುಂಡಿಯ ಮೇಲೆ ಬಿತ್ತು. ಟೇಪು ನಿಂತಿತು.

"ಏನಾಯ್ತಣ್ಣಾ?"

"ಅಮ್ಮ ಸತ್ತ ಮೇಲೆ..." ಅವನು ಬಾಗಿಲ ಕಡೆ ನೋಡಿದ. "ಅಮ್ಮ ಸತ್ತ ಮೇಲೆ ನನ್ನನ್ನ ಮಲಗಿಸಿದ್ದು ಈ ದನಿ. ಶಾಲೆಗೆ ಟೀಚರಾಗಿ ಸೇರಿದ ಹೊಸತರಲ್ಲಿ ಅಕ್ಕ ಹಿಂಗೇ ಮಾತಾಡ್ತಿದ್ಲು."

ಕೆಂಡನಿಗೆ ಹೊಳೆಯಿತು. ಮೂರನೇ ಸಲ ಕೋಣೆಯನ್ನು ಕೇಳುವವರು. ಹೆಸರು ಅಳಿಸಿದ್ದರೂ, ಕುಂಟು ಫ್ಯಾನಿನ ಆ ಕೋಣೆ ಯಾವುದೆಂದು ಅವರಿಗೆ ಕೇಳಿಸಿರಬೇಕು. ತನ್ನದೇ ಕ್ಲಾಸು. ತನ್ನದೇ ದನಿ. ಆಮೇಲೆ ಕುರ್ಚಿ ಬಿಟ್ಟು ಎದ್ದದ್ದು.

ಆಟಕ್ಕೆ ಹಾಡಿಸಿದ್ದರೇ? ಮೋಸಕ್ಕೆ ಹಾಡಿಸಿದ್ದರೇ? ದನಿಯಲ್ಲಿ ನಗುವಿತ್ತು, ಅಷ್ಟೆ. ಆ ನಗು ಸಮಿತಿಗೆ ಏನೆಂದು ಕೇಳಿಸುತ್ತದೆ?

ಬಾಗಿಲು ತೆರೆಯಿತು. ಸಮಿತಿಯವರು ಒಬ್ಬೊಬ್ಬರಾಗಿ ಬಂದು ಸಾಲಾಗಿದ್ದ ಕುರ್ಚಿಗಳಲ್ಲಿ ಕೂತರು. ಕೊನೆಗೆ ಉಪಸಂಪಾದಕ ಬಂದು, ಮಿಷನ್ನಿಗೆ ತೀರ ಹತ್ತಿರದ ಕುರ್ಚಿಯನ್ನೇ ಎಳೆದುಕೊಂಡ. ಆ ದನಿಯ ಪಕ್ಕದ ಮೇಜಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದ ಕಿವಿ ಅವನದು.

ಡ್ರೈವರ್ ಕೈ ತೆಗೆಯಲಿಲ್ಲ. ಗುಂಡಿಯ ಮೇಲೆ ಅವನ ಕೈ, ಅದರ ಮೇಲೆ ಕೆಂಡನ ಕೈ.

"ಏನು ಕಾಯ್ತಿದ್ದೀರಿ?" ದೊಡ್ಡಮ್ಮ ಅವರಿಬ್ಬರ ತುಟಿಗಳನ್ನೇ ನೋಡುತ್ತಿದ್ದರು. "ಹಾಕಪ್ಪ. ಶುರುವಿಂದ."